ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಕ್ಕಳ ಆಟದಲ್ಲಿ ತೀರಾ ಚಿಕ್ಕವರನ್ನು ಸೇರಿಸಿಕೊಳ್ಳಲು ನಮ್ಮಲ್ಲೊಂದು ಉಪಾಯವಿದೆ. ಹಠ ಹಿಡಿದು ಅಳುವ ತಮ್ಮನನ್ನೋ ತಂಗಿಯನ್ನೋ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಒಳಗೆ ಬಿಟ್ಟುಕೊಳ್ಳುವುದು. ಆ ಮಗು ಎಲ್ಲರ ಹಾಗೆಯೇ ಓಡುತ್ತದೆ, ಬೀಳುತ್ತದೆ, ಮೊಣಕಾಲು ತರಚಿಕೊಳ್ಳುತ್ತದೆ. ಅದು ಔಟಾದರೂ ಗೆದ್ದರೂ ಯಾರೂ ಎಣಿಸುವುದಿಲ್ಲ, ಅಷ್ಟೇ. ಈ ಮಾತು ನನಗೆ ಮತ್ತೆ ನೆನಪಾದದ್ದು ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯದ ತೀರ್ಪನ್ನು ಓದುವಾಗ.

ನನ್ನ ಪಿಎಚ್‌ಡಿ ವಿಷಯ ದುಡಿಮೆಗಾರರ ಪರಿಹಾರ ಕಾನೂನುಗಳ ಚರಿತ್ರೆ. ಕೆಲಸ ಮಾಡುತ್ತಾ ಕೈಕಾಲು, ಶ್ವಾಸಕೋಶ, ಕಣ್ಣು ಕಳೆದುಕೊಂಡವರ ಕಡತಗಳ ನಡುವೆ ನನ್ನ ದಿನಗಳು ಕಳೆಯುತ್ತವೆ. 2006ರ ಡಿಸೆಂಬರಿನ ಈ ತೀರ್ಪನ್ನೂ ಅಂಥದ್ದೇ ಒಂದು ಎಂದುಕೊಂಡು ತೆರೆದೆ. ಒಬ್ಬ ಕೆಲಸಗಾರ, ಅವನ ನಿವೃತ್ತಿ ಯೋಜನೆಯ ಮಂಡಳಿ, ಒಂದು ತಕರಾರು. ಕೆಲಸಗಾರ ಸತ್ತು ಅದಾಗಲೇ ನಾಲ್ಕು ವರ್ಷವಾಗಿತ್ತು. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಒಂದೇ: ಈತ ದುಡಿಯಲಾರದವನಾದದ್ದು ಯಾವಾಗಿನಿಂದ? ಅವನ ಹೆಸರು ಮೈಕ್ ವೆಬ್‌ಸ್ಟರ್. ಕೆಲಸ, ಅಮೆರಿಕನ್ ಫುಟ್‌ಬಾಲ್ ಆಡುವುದು.

ಇದು ಚೆಂಡನ್ನು ಕಾಲಿನಲ್ಲಿ ಒದ್ದು ಆಡುವ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುತ್ತಲೋ ಎಸೆಯುತ್ತಲೋ ಎದುರಾಳಿಯ ನೆಲವನ್ನು ಗಜಗಜವಾಗಿ ಗೆಲ್ಲುತ್ತಾ ಹೋಗುವ ಆಟ. ದಾಳಿ ಮಾಡುವ ತಂಡದ ಹನ್ನೊಂದು ಜನರಲ್ಲಿ ಐವರು ಮುಂಚೂಣಿಯಲ್ಲಿ ಸಾಲಾಗಿ ಬಗ್ಗಿ ಕೂರುತ್ತಾರೆ. ಇವರೇ ಅಫೆನ್ಸಿವ್ ಲೈನ್‌ಮನ್‌ಗಳು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಕಾಯುವುದು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಿಕೊಡುವುದು ಇವರ ಕೆಲಸ. ಸಾಲಿನ ನಡುವೆ ಇರುವವನು ಸೆಂಟರ್. ಪ್ರತಿ ಸಲವೂ ಚೆಂಡನ್ನು ತನ್ನ ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟು, ಅದೇ ಕ್ಷಣದಲ್ಲಿ ತಲೆಯೆತ್ತಿ, ಮೈಮೇಲೆ ಬೀಳುವ ಎದುರಾಳಿಯನ್ನು ತಡೆಯಬೇಕು. ಆಟ ಶುರುವಾಗುವುದೇ ಅವನ ಕೈಯಿಂದ.

ಆದರೂ ಆಟ ಮುಗಿದ ಮೇಲೆ ಅಂಕಿಅಂಶದ ಹಾಳೆಯಲ್ಲಿ ಅವನಿಗೆ ಜಾಗವಿಲ್ಲ. 1979ರ ಜನವರಿಯಲ್ಲಿ ಮಯಾಮಿಯಲ್ಲಿ ನಡೆದ 13ನೇ ಸೂಪರ್ ಬೌಲ್ ತೆಗೆದುಕೊಳ್ಳಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಡಲ್ಲಾಸ್ ತಂಡವನ್ನು 35-31ರಿಂದ ಸೋಲಿಸಿತು. ಸ್ಟೀಲರ್ಸ್‌ನ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರ್ಯಾಡ್‌ಶಾ 318 ಗಜ ಎಸೆದ, ನಾಲ್ಕು ಟಚ್‌ಡೌನ್ ಗಳಿಸಿಕೊಟ್ಟ, ಪಂದ್ಯಶ್ರೇಷ್ಠನಾದ. ಆ ಪ್ರತಿಯೊಂದು ಎಸೆತಕ್ಕೂ ಮೊದಲು ಚೆಂಡು ಇದ್ದದ್ದು ವೆಬ್‌ಸ್ಟರನ ಕೈಯಲ್ಲಿ. ಹಾಳೆಯಲ್ಲಿ ಅದರ ಗುರುತಿಲ್ಲ. ಲೈನ್‌ಮನ್‌ನ ಅಂಗಿಯ ನಂಬರನ್ನು ರೆಫರಿ ಕೂಗಿ ಹೇಳುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಎದುರಾಳಿಯನ್ನು ಹಿಡಿದೆಳೆದು ತಂಡಕ್ಕೆ ದಂಡ ತಂದಿಟ್ಟಾಗ.

ವೆಬ್‌ಸ್ಟರ್ ಹುಟ್ಟಿದ್ದು 1952ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಟೊಮಹಾಕ್ ಎಂಬ ಊರಿನಲ್ಲಿ. ಆಲೂಗಡ್ಡೆ ಬೆಳೆಯುವ ರೈತ ಕುಟುಂಬ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 1974ರಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವಾಗ ಐದನೇ ಸುತ್ತಿನಲ್ಲಿ ಸ್ಟೀಲರ್ಸ್ ಪಾಲಾದ. ಅವನಿಗಿಂತ ಮೊದಲು 124 ಹೆಸರು ಆಯ್ಕೆಯಾಗಿದ್ದವು. ಈ ಕೆಲಸಕ್ಕೆ ಅವನ ದೇಹ ಸಾಲದು ಎಂಬುದೇ ತಡವಾದದ್ದಕ್ಕೆ ಕಾರಣ. ದೇಹ ಸಾಲದಿದ್ದರೆ ಬೆಳೆಸಿದರಾಯಿತು ಎಂದು ಭಾರ ಎತ್ತಿ ಬೆಳೆಸಿದ. ಮುಂದಿನ ಹದಿನೈದು ವರ್ಷ ಅದೇ ತಂಡದಲ್ಲಿ ಆಡಿದ. ನಾಲ್ಕು ಸೂಪರ್ ಬೌಲ್ ಗೆದ್ದ. ವರ್ಷದ ಶ್ರೇಷ್ಠರ ಪಂದ್ಯವಾದ ಪ್ರೊ ಬೌಲ್‌ಗೆ ಒಂಬತ್ತು ಬಾರಿ ಆಯ್ಕೆಯಾದ. ಕೊರೆಯುವ ಚಳಿಯಲ್ಲೂ ತೋಳು ಮುಚ್ಚದೆ ಆಡುತ್ತಿದ್ದವನನ್ನು ಜನ 'ಐರನ್ ಮೈಕ್' ಎಂದರು. 1986ರಲ್ಲಿ ಮೊಣಕೈ ಕೀಲು ತಪ್ಪಿ ನಾಲ್ಕು ಪಂದ್ಯ ಹೊರಗುಳಿಯುವ ತನಕ ಸತತ 150 ಪಂದ್ಯಗಳಲ್ಲಿ ಮೊದಲ ಕ್ಷಣದಿಂದಲೇ ಕಣದಲ್ಲಿದ್ದ. ಕೊನೆಗೆ ಕ್ಯಾನ್ಸಸ್ ಸಿಟಿಯ ತಂಡಕ್ಕೆ ತರಬೇತುದಾರನಾಗಿ ಹೋದವನು ಮತ್ತೆ ಆಟಗಾರನಾಗಿಯೇ ಇಳಿದು ಎರಡು ವರ್ಷ ಆಡಿದ. ಒಟ್ಟು 17 ಋತು, 245 ಪಂದ್ಯ.

ಈ 245ರ ಒಳಗೆ ಏನಿದೆ ಎಂದು ನಾನೊಂದು ಅಂದಾಜು ಹಾಕಿದೆ. ಒಂದು ಪಂದ್ಯಕ್ಕೆ ಸುಮಾರು 60 ಸಲ ಡಿಕ್ಕಿ ಎಂದುಕೊಂಡರೂ ಹತ್ತು ಸಾವಿರ ದಾಟುತ್ತದೆ. ಅಭ್ಯಾಸದ ದಿನಗಳನ್ನು ಇದರಲ್ಲಿ ಸೇರಿಸಿಲ್ಲ. ಅವನು ಆಟಕ್ಕೆ ಬಂದ ಕಾಲದ ನಿಯಮಗಳೂ ಇದಕ್ಕೆ ಒದಗಿಬಂದವು. ತಡೆಯುವವನು ಕೈ ಚಾಚಿ ತಳ್ಳುವಂತಿರಲಿಲ್ಲ. ಕೈ ಮೈಗೆ ಹತ್ತಿರವಿಟ್ಟುಕೊಂಡು ಭುಜದಿಂದ, ತಲೆಯಿಂದ ಗುದ್ದಬೇಕಿತ್ತು. ಎದುರಾಳಿ ಮಾತ್ರ ಅಂಗೈಯಿಂದ ಹೆಲ್ಮೆಟ್ಟಿಗೆ ಬಾರಿಸಬಹುದಿತ್ತು. ಆ ಹೊಡೆತವನ್ನು ನಿಷೇಧಿಸಿದ್ದು 1977ರಲ್ಲಿ, ಲೈನ್‌ಮನ್‌ಗಳು ಕೈ ಚಾಚಬಹುದು ಎಂದದ್ದು 1978ರಲ್ಲಿ. ಈ ಹತ್ತು ಸಾವಿರದಲ್ಲಿ ಬಹುಪಾಲು ಆಟಗಾರನನ್ನು ಬೀಳಿಸುವ ಪೆಟ್ಟುಗಳಲ್ಲ. ಸಣ್ಣಗೆ ಕಣ್ಣು ಕತ್ತಲಿಟ್ಟು, ತಲೆ ಕೊಡವಿಕೊಂಡು ಮತ್ತೆ ಸಾಲಿಗೆ ಬಂದು ಬಗ್ಗುವಂಥವು. ಬಿದ್ದವನನ್ನು ವೈದ್ಯರು ನೋಡುತ್ತಾರೆ. ಬೀಳದವನ ಪೆಟ್ಟನ್ನು ಬರೆದಿಡುವವರು ಯಾರು?

ನಿವೃತ್ತಿಯ ನಂತರದ ಕತೆ ಬೇಗ ಹೇಳಿ ಮುಗಿಸುವಂಥದ್ದು. ಹಣ ಕರಗಿತು, ಸಂಸಾರ ಒಡೆಯಿತು. ಊರೂರು ಅಲೆದ, ಎಷ್ಟೋ ರಾತ್ರಿ ತನ್ನ ಪಿಕಪ್ ಟ್ರಕ್ಕಿನಲ್ಲೇ ಮಲಗಿದ. ಹೇಳುತ್ತಿದ್ದ ಮಾತು ನಡುವೆಯೇ ಕಡಿದುಹೋಗುತ್ತಿತ್ತು. 1997ರಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ ಅವನನ್ನು ಆಟದ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಅವನನ್ನು ಪರಿಚಯಿಸಿದ ಬ್ರ್ಯಾಡ್‌ಶಾ, ಇನ್ನೊಂದೇ ಒಂದು ಸಲ ಚೆಂಡು ಕೊಡು ಎಂದು ವೇದಿಕೆಯ ಮೇಲೆಯೇ ಕೇಳಿದ. ಸೂಟು ತೊಟ್ಟ ವೆಬ್‌ಸ್ಟರ್ ಬಗ್ಗಿ ಕೊಟ್ಟ. ಜನ ಕೇಕೆ ಹಾಕಿದರು. ಆಮೇಲೆ ಅವನು ಮಾಡಿದ ಭಾಷಣ ಎಲ್ಲೆಲ್ಲೋ ಅಲೆಯಿತು. ಕೈ ಮರೆಯದ ಕೆಲಸವನ್ನು ತಲೆ ಹಿಂಬಾಲಿಸಲಾರದೆ ಹೋಗುವುದು ಆ ಒಂದೇ ವೇದಿಕೆಯಲ್ಲಿ ಕಾಣುತ್ತದೆ.

1999ರಲ್ಲಿ ವಕೀಲರ ಮೂಲಕ ಅಂಗವೈಕಲ್ಯದ ಪರಿಹಾರ ಕೇಳಿದ. ಆಟಗಾರರ ನಿವೃತ್ತಿ ಮಂಡಳಿ ಅವನ ಸ್ಥಿತಿಯನ್ನು ಅಲ್ಲಗಳೆಯಲಿಲ್ಲ. ಫುಟ್‌ಬಾಲ್ ಆಡುವಾಗ ತಲೆಗೆ ಬಿದ್ದ ಪೆಟ್ಟುಗಳಿಂದಲೇ ಈತ ಶಾಶ್ವತವಾಗಿ ದುಡಿಯಲಾರದವನಾಗಿದ್ದಾನೆ ಎಂದು ಒಪ್ಪಿಕೊಂಡಿತು. ತಕರಾರು ತಾರೀಖಿನದು. ಆಟ ಬಿಡುವಾಗಲೇ ಅಶಕ್ತನಾಗಿದ್ದರೆ ದೊಡ್ಡ ಮೊತ್ತ. ಬಿಟ್ಟು ಕೆಲ ವರ್ಷಗಳಾದ ಮೇಲೆ ಅಶಕ್ತನಾದರೆ ಸಣ್ಣದು. ಮಂಡಳಿ ಎರಡನೆಯದನ್ನು ಹಿಡಿಯಿತು. ಅದೇ ನೇಮಿಸಿದ್ದ ವೈದ್ಯನ ಅಭಿಪ್ರಾಯ ಮಾತ್ರ 1991ರ ನಿವೃತ್ತಿಯ ಹೊತ್ತಿಗೇ ಬೆರಳು ತೋರಿಸುತ್ತಿತ್ತು.

ಇದನ್ನು ಓದುವಾಗ ನನಗೆ ಕಸಿವಿಸಿಯಾಯಿತು. 'ಯಾವಾಗಿನಿಂದ?' ಎಂಬುದು ಚರಿತ್ರೆ ಓದುವ ನಾವು ದಿನವೂ ಕೇಳುವ ಪ್ರಶ್ನೆ. ಅದನ್ನು ನಾವು ಮುಗ್ಧ ಪ್ರಶ್ನೆ ಎಂದುಕೊಂಡಿರುತ್ತೇವೆ. ಪರಿಹಾರದ ಕಡತದಲ್ಲಿ ಅದಕ್ಕೆ ಬೆಲೆಯಿದೆ. ಸಾವಿರಾರು ಸಣ್ಣ ಪೆಟ್ಟುಗಳಿಂದ ತುಸುತುಸುವೇ ಆದ ಹಾನಿಗೆ ಒಂದು ತಾರೀಖು ಕೊಡು ಎಂದರೆ ಕೊಡುವುದೆಲ್ಲಿಂದ? ಆ ಪೆಟ್ಟುಗಳನ್ನು ಯಾರೂ ಬರೆದಿಡಲಿಲ್ಲ. ಬರೆದಿಡದವರೇ ಈಗ ದಾಖಲೆ ಕೇಳುತ್ತಿದ್ದರು.

2002ರ ಸೆಪ್ಟೆಂಬರ್ 24ರಂದು ವೆಬ್‌ಸ್ಟರ್ ಪಿಟ್ಸ್‌ಬರ್ಗ್‌ನಲ್ಲಿ ತೀರಿಕೊಂಡ. ವಯಸ್ಸು 50. ಮರಣೋತ್ತರ ಪರೀಕ್ಷೆ ಬೆನೆಟ್ ಒಮಾಲು ಎಂಬ, ನೈಜೀರಿಯಾದಲ್ಲಿ ಹುಟ್ಟಿದ ಯುವ ವೈದ್ಯನ ಪಾಲಿಗೆ ಬಂತು. ಫುಟ್‌ಬಾಲಿನ ಗಂಧಗಾಳಿ ಇಲ್ಲದವನು. ಅಷ್ಟು ಅಸ್ತವ್ಯಸ್ತವಾಗಿ ಬದುಕಿದವನ ಮೆದುಳು ಹೊರನೋಟಕ್ಕೆ ಸರಿಯಾಗಿಯೇ ಇದ್ದದ್ದು ಅವನನ್ನು ಕಾಡಿತು. ಮೆದುಳನ್ನು ಕಾಪಿಟ್ಟು, ತೆಳುವಾದ ಪದರಗಳಾಗಿ ಕತ್ತರಿಸಿ, ಬಣ್ಣ ಹಾಯಿಸಿ ಗಾಜಿನ ಸ್ಲೈಡುಗಳ ಮೇಲೆ ನೋಡಿದ. ಟೌ ಎಂಬ ಪ್ರೊಟೀನು ನರಕೋಶಗಳಲ್ಲಿ ಗಂಟುಗಂಟಾಗಿ ಕಟ್ಟಿಕೊಂಡಿತ್ತು. ಬಾಕ್ಸರುಗಳ ಮಂಪರಿನ ಬಗ್ಗೆ 1928ರಲ್ಲೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬರೆದಿದ್ದ. ಅದೇ ಬಗೆಯ ಹಾನಿಯನ್ನು ಒಬ್ಬ ವೃತ್ತಿಪರ ಫುಟ್‌ಬಾಲ್ ಆಟಗಾರನ ಮೆದುಳಿನಲ್ಲಿ ಗುರುತಿಸಿ, 2005ರಲ್ಲಿ 'ನ್ಯೂರೋಸರ್ಜರಿ' ಪತ್ರಿಕೆಯಲ್ಲಿ ಪ್ರಕಟಿಸಿದ. ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪಥಿ, ಚಿಕ್ಕದಾಗಿ ಸಿಟಿಇ. ಇದನ್ನು ಖಚಿತವಾಗಿ ಹೇಳಲು ಇವತ್ತಿಗೂ ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಲೇಬೇಕು.

ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ತಲೆಪೆಟ್ಟಿನ ಅಧ್ಯಯನಕ್ಕೆ 1994ರಲ್ಲೇ ಒಂದು ಸಮಿತಿ ಮಾಡಿತ್ತು. ಅದರ ಸದಸ್ಯರು ಲೇಖನವನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರ ಬರೆದರು. ಪತ್ರಿಕೆ ಹಿಂತೆಗೆದುಕೊಳ್ಳಲಿಲ್ಲ. 2006ರಲ್ಲಿ ಎರಡನೆಯ ಪ್ರಕರಣ ಪ್ರಕಟವಾಯಿತು. ಅವನೂ ಸ್ಟೀಲರ್ಸ್‌ನ ಲೈನ್‌ಮನ್, ಟೆರಿ ಲಾಂಗ್, ವೆಬ್‌ಸ್ಟರನ ಜೊತೆಯಲ್ಲೇ ಅದೇ ಸಾಲಿನಲ್ಲಿ ಆಡಿದವನು. 2005ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಅದೇ 2006ರ ಡಿಸೆಂಬರಿನಲ್ಲಿ, ನಾನು ಓದುತ್ತಿದ್ದ ತೀರ್ಪು ಬಂತು. ವೆಬ್‌ಸ್ಟರನ ವಾರಸುದಾರರ ಪರವಾಗಿ ಕೆಳ ನ್ಯಾಯಾಲಯ ಹೇಳಿದ್ದನ್ನೇ ಅದು ಎತ್ತಿಹಿಡಿಯಿತು. ಬಂದ ಹಣ 15 ಲಕ್ಷ ಡಾಲರಿಗೂ ಹೆಚ್ಚು. ಪಡೆಯಬೇಕಾದವನು ಇರಲಿಲ್ಲ.

ಮುಂದಿನದು ಹಲವರಿಗೆ ಗೊತ್ತು. ಸಾವಿರಾರು ಮಾಜಿ ಆಟಗಾರರು ದಾವೆ ಹೂಡಿದರು. 2013ರಲ್ಲಿ ಲೀಗ್ 76.5 ಕೋಟಿ ಡಾಲರಿನ ರಾಜಿಗೆ ಬಂತು. 2015ರಲ್ಲಿ ನ್ಯಾಯಾಲಯ ಒಪ್ಪುವ ಹೊತ್ತಿಗೆ ಆ ಮಿತಿಯನ್ನೂ ತೆಗೆಯಲಾಗಿತ್ತು. 2016ರಲ್ಲಿ ಲೀಗಿನ ಹಿರಿಯ ಅಧಿಕಾರಿಯೊಬ್ಬ ಫುಟ್‌ಬಾಲಿಗೂ ಸಿಟಿಇಗೂ ಸಂಬಂಧವಿದೆ ಎಂದು ಅಮೆರಿಕದ ಜನಪ್ರತಿನಿಧಿಗಳ ಮುಂದೆ ಒಪ್ಪಿಕೊಂಡ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎನ್‌ಎಫ್‌ಎಲ್ ಆಡಿದ 111 ಮಂದಿಯ ಮೆದುಳುಗಳಲ್ಲಿ 110ರಲ್ಲಿ ಈ ರೋಗ ಕಂಡಿತು. ಇವು ಹೆಚ್ಚಾಗಿ ಅನುಮಾನವಿದ್ದ ಕುಟುಂಬಗಳು ಕೊಟ್ಟ ಮೆದುಳುಗಳು. ಎಲ್ಲ ಆಟಗಾರರಿಗೂ ಇದೇ ಗತಿ ಎಂದು ಓದಿಕೊಳ್ಳಬಾರದು. ಆದರೂ ಎಣಿಕೆ ಶುರುವಾಗಿದೆ.

ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಮೂರು ಕಡೆ 'ಈ ಬಗ್ಗೆ ದಾಖಲೆ ಲಭ್ಯವಿಲ್ಲ' ಎಂದು ಬರೆದು ಮುಂದೆ ಹೋಗಿದ್ದೆ. ಆ ತೀರ್ಪು ಓದಿದ ಮೇಲೆ ಮೂರೂ ವಾಕ್ಯಗಳನ್ನು ಹೊಡೆದುಹಾಕಿ, 'ಇದನ್ನು ಯಾರೂ ದಾಖಲಿಸಲಿಲ್ಲ' ಎಂದು ತಿದ್ದಿದೆ. ಮೊದಲ ವಾಕ್ಯದಲ್ಲಿ ಕರ್ತೃವಿಲ್ಲ. ಎರಡನೆಯದರಲ್ಲಿ ಒಬ್ಬ ಇರಬೇಕಿತ್ತು, ಇರಲಿಲ್ಲ ಎಂಬುದಾದರೂ ಕಾಣುತ್ತದೆ.

ಲೆಕ್ಕಕ್ಕಿಲ್ಲದ ಮಗು ಆಟ ಮುಗಿಸಿ ಮನೆಗೆ ಬಂದಾಗ ಅಮ್ಮ ಸ್ಕೋರು ಕೇಳುವುದಿಲ್ಲ, ಮೊಣಕಾಲು ನೋಡುತ್ತಾಳೆ. ವೆಬ್‌ಸ್ಟರನ ಹದಿನೇಳು ವರ್ಷಗಳ ದುಡಿಮೆಯನ್ನು ಹಾಗೆ ನೋಡಿದವನು ಆ ಆಟವನ್ನೇ ಅರಿಯದ ಒಬ್ಬ ವೈದ್ಯ, ಅವನು ಸತ್ತ ಮೇಲೆ.