ಯಂತ್ರ ಪಳಗುವ ಬಗೆ

ಪಳಗಿಸುವುದು ಎಂದೊಡನೆ ನಮಗೆ ನೆನಪಾಗುವುದು ಕಾಡಿನಿಂದ ಹಿಡಿದು ತಂದ ಆನೆ, ಇಲ್ಲವೆ ನೊಗಕ್ಕೆ ಹೊಸದಾಗಿ ಹೂಡಿದ ಹೋರಿ. ಆದರೆ ನಮ್ಮ ಮನೆಗಳಲ್ಲಿ ದೋಸೆಯ ಕಾವಲಿಗೂ ಇದೇ ಮಾತನ್ನು ಬಳಸುತ್ತಾರೆ. ಹೊಸ ಕಾವಲಿಯ ಮೇಲೆ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲ. ಎಣ್ಣೆ ಸವರಿ, ಹದವಾಗಿ ಕಾಯಿಸಿ, ಕೆಲವು ದಿನ ತಾಳ್ಮೆಯಿಂದ ಬಳಸಿದ ಮೇಲೆ ಅದು ಪಳಗುತ್ತದೆ. ಮೋಟಾರು ಕಾರಿನ ಹೊಸ ಎಂಜಿನ್ನಿಗೂ ಇಂಥದೊಂದು ಸಂಸ್ಕಾರ ಬೇಕಾಗಿತ್ತು. ಅಮೆರಿಕದವರು ಕುದುರೆಯನ್ನು ಪಳಗಿಸುವ ಮಾತನ್ನೇ ಇದಕ್ಕೂ ಬಳಸಿದರು. ಬ್ರಿಟನ್ನಿನವರು ‘ರನ್ನಿಂಗ್ ಇನ್’ ಎಂದರು. ಈ ಸಂಸ್ಕಾರ ಏಕೆ ಬೇಕಾಯಿತು, ಅದನ್ನು ಮಾಡುವ ಹೊಣೆ ಯಾರ ಪಾಲಿಗೆ ಬಂತು ಎಂಬುದು ನಾನು ಇಂದು ಹೇಳಬೇಕೆಂದಿರುವ ವಿಷಯ.

ಎಂಜಿನ್ನಿನ ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪಾಗಿ ತೋರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅದೇ ಗೋಡೆ ಬೆಟ್ಟ ಕಣಿವೆಗಳ ನಾಡು. ಕೇಂಬ್ರಿಜ್ಜಿನ ವಿಜ್ಞಾನಿ ಎಫ್. ಪಿ. ಬೌಡನ್ ಅವರು 1950ರಲ್ಲಿ ಬಿಬಿಸಿ ಬಾನುಲಿಯಲ್ಲಿ ಮಾತನಾಡುತ್ತ ಇದಕ್ಕೊಂದು ಹೋಲಿಕೆ ಕೊಟ್ಟರು: ಎರಡು ಘನವಸ್ತುಗಳನ್ನು ಒಂದರ ಮೇಲೊಂದು ಇಡುವುದು, ಸ್ವಿಟ್ಜರ್ಲೆಂಡನ್ನು ತಲೆಕೆಳಗು ಮಾಡಿ ಆಸ್ಟ್ರಿಯದ ಮೇಲೆ ಇಟ್ಟಂತೆ. ಒಂದಕ್ಕೊಂದು ತಾಗುವುದು ಕೆಲವು ಶಿಖರಗಳು ಮಾತ್ರ. ಇಡೀ ಭಾರವನ್ನು ಹೊರುವುದೂ ಅವೇ. ಗೋಡೆಗೆ ಉಜ್ಜುತ್ತ ಪಿಸ್ಟನ್ನಿನ ರಿಂಗುಗಳು ಏರಿಳಿಯುವಾಗ ಕಾವು ಹುಟ್ಟುವುದು ಈ ಶಿಖರಗಳಲ್ಲಿಯೇ. ಕಾವು ಮಿತಿಮೀರಿದರೆ ಲೋಹ ಲೋಹಕ್ಕೆ ಬೆಸೆದುಕೊಂಡು ಕಿತ್ತುಬರುತ್ತದೆ, ಎಂಜಿನ್ ಹಿಡಿದುಕೊಳ್ಳುತ್ತದೆ. ಭಾರ ಹಿತಮಿತವಾಗಿದ್ದರೆ ಶಿಖರಗಳು ಮೆಲ್ಲಗೆ ಸವೆದು, ಎರಡು ಮೈಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹೀಗೆ ಸವೆದ ಲೋಹದ ಪುಡಿ ಎಣ್ಣೆಯಲ್ಲಿ ಸೇರುವುದರಿಂದಲೇ ಹೊಸ ಕಾರಿನ ಮೊದಲ ಎಣ್ಣೆಯನ್ನು ಬೇಗನೆ ಬದಲಾಯಿಸುತ್ತಿದ್ದರು.

ಸಿಲಿಂಡರಿಗೂ ಪಿಸ್ಟನ್ನಿಗೂ ಹೊಂದಾಣಿಕೆ ಮಾಡಿಸುವ ಈ ಕಷ್ಟ ಮೋಟಾರಿಗಿಂತ ಹಳೆಯದು. ಜೇಮ್ಸ್ ವಾಟನ ಉಗಿಯಂತ್ರ ಮೊದಮೊದಲು ತೊಡಕಿಗೆ ಸಿಕ್ಕಿದ್ದು ಇಲ್ಲಿಯೇ: ಸಿಲಿಂಡರು ಸರಿಯಾದ ದುಂಡಗಿರಲಿಲ್ಲ, ಉಗಿ ಸಂದಿಯಿಂದ ಸೋರಿಹೋಗುತ್ತಿತ್ತು. ಜಾನ್ ವಿಲ್ಕಿನ್ಸನ್ನನ ಕೊರೆಯುವ ಯಂತ್ರ ಅವನನ್ನು ಪಾರುಮಾಡಿತು. ಐವತ್ತು ಅಂಗುಲ ವ್ಯಾಸದ ಸಿಲಿಂಡರಿನಲ್ಲಿ ಎಲ್ಲಿಯೂ ಹಳೆಯ ಷಿಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು 1776ರಲ್ಲಿ ವಾಟನ ಪಾಲುದಾರ ಬೋಲ್ಟನ್ ಹಿಗ್ಗಿನಿಂದ ಬರೆದನು. 1852ರಲ್ಲಿ ಜಾನ್ ರಾಮ್ಸ್‌ಬಾಟಮ್ ಸೀಳಿದ ಲೋಹದ ರಿಂಗನ್ನು ಪಿಸ್ಟನ್ನಿಗೆ ತೊಡಿಸಿ, ಉಳಿದ ಸಂದಿಯನ್ನೂ ಮುಚ್ಚುವ ದಾರಿ ತೋರಿಸಿದನು.

ಮೋಟಾರಿನ ಕಾಲಕ್ಕೆ ನಿಖರತೆ ಮತ್ತಷ್ಟು ಬೆಳೆಯಿತು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಸಂಪೂರ್ಣ ಬಿಚ್ಚಿ, ಬಿಡಿಭಾಗಗಳನ್ನು ಕಲಸಿ, ಮತ್ತೆ ಜೋಡಿಸಿ 500 ಮೈಲಿ ಓಡಿಸಿದರು. ಒಂದು ಕಾರಿನ ಭಾಗ ಇನ್ನೊಂದಕ್ಕೆ ಒಪ್ಪುವುದೆಂದು ಜಗತ್ತಿಗೆ ತಿಳಿಯಿತು. ಆದರೂ ಲೋಹದ ಮೈಮೇಲಿನ ಆ ಸಣ್ಣ ಶಿಖರಗಳನ್ನು ಸವೆಸುವ ಕೊನೆಯ ಕೆಲಸ ರಸ್ತೆಯ ಮೇಲೆ, ಕೊಂಡವನ ಕೈಯಲ್ಲಿಯೇ ನಡೆಯಬೇಕಾಗಿತ್ತು. ಎರಡನೆಯ ಮಹಾಯುದ್ಧದ ಅನಂತರವೂ ಬ್ರಿಟಿಷ್ ಕಾರುಗಳ ಕೈಪಿಡಿಗಳು ಮೊದಲ 500 ಮೈಲಿಯವರೆಗೆ ವೇಗಕ್ಕೆ ಕಟ್ಟುನಿಟ್ಟಾದ ಮಿತಿ ಹಾಕುತ್ತಿದ್ದವು. ಕಾರಿನ ಹಿಂದಿನ ಗಾಜಿಗೆ, ಎಂಜಿನ್ ಪಳಗುತ್ತಿದೆ, ದಯವಿಟ್ಟು ಮುಂದೆ ಹೋಗಿ ಎಂಬರ್ಥದ ಚೀಟಿ ಅಂಟಿಸುವುದು ಅಲ್ಲಿ ವಾಡಿಕೆಯಾಗಿತ್ತು.

ನಮ್ಮ ದೇಶಕ್ಕೆ ಈ ವಿಧಿ ಕಾರಿನ ಜೊತೆಯಲ್ಲಿಯೇ ಬಂತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿ, 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರನ್ನು ನಾವೆಲ್ಲ ಬಲ್ಲೆವು. ಪರ್ಮಿಟ್ಟುಗಳ ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾದು ಕಾರು ಪಡೆದವರು, ಪಡೆದ ಮೇಲೂ ಅದನ್ನು ಓಡಿಸದೆ ನಡೆಸಬೇಕಾಗಿತ್ತು. ಎಂಜಿನ್ ಕೆಟ್ಟರೆ ಪಳಗಿಸಿದ್ದು ಸರಿಯಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತಿತ್ತು. ಅಂಥ ಉತ್ತರ ಕೇಳಿ ಪೆಚ್ಚಾಗಿ ಹಿಂದಿರುಗಿದವರನ್ನು ನಾನು ಕಂಡಿದ್ದೇನೆ. ತಯಾರಕನು ಬಿಟ್ಟ ಕೆಲಸವನ್ನು ಕೊಂಡವನು ಮುಗಿಸಬೇಕು. ಮುಗಿಸುವಾಗ ತಪ್ಪಿದರೆ ದೋಷವೂ ಅವನದೇ. ಈ ವ್ಯವಸ್ಥೆಯ ಅನ್ಯಾಯವನ್ನು ನಾವು ಮರೆಯಬಾರದು.

ಅತಿಯಾದ ಮುದ್ದೂ ಎಂಜಿನ್ನಿಗೆ ಒಳ್ಳೆಯದಲ್ಲ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಸ್ವಂತ ಬಿಗಿಯೊಂದೇ ಅಲ್ಲ. ಉರಿದ ಅನಿಲವೂ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ಒತ್ತುತ್ತದೆ. ಭಾರವೇ ಬೀಳದ ಎಂಜಿನ್ನಿನಲ್ಲಿ ಆ ಒತ್ತಡ ಸಾಲದೆ, ಗೋಡೆಯ ಮೇಲೆ ಗಾಜಿನಂಥ ಹೊಳಪು ಕಟ್ಟಿ, ರಿಂಗು ಕೂರದೆ ಎಣ್ಣೆ ಸುಡತೊಡಗುತ್ತದೆ. ಏರಿಳಿಯುವ ವೇಗ, ಮಧ್ಯಮ ಭಾರ, ನಡುನಡುವೆ ವಿಶ್ರಾಂತಿ: ಬಲ್ಲವರು ಹೇಳುತ್ತಿದ್ದ ಹದ ಇದು.

ಈ ಹದವನ್ನು ಕಾರ್ಖಾನೆ ತಾನೇ ಕಲಿತದ್ದು ಲೋಹದ ಮೈಯನ್ನು ಅಳೆಯಲು ಸಾಧ್ಯವಾದ ಮೇಲೆ. 1933ರಲ್ಲಿ ಅಮೆರಿಕದ ಅಬಟ್ ಮತ್ತು ಫೈರ್‌ಸ್ಟೋನ್ ಎಂಬುವರು, ಶಿಖರಗಳು ಸವೆಯುತ್ತ ಹೋದಂತೆ ಭಾರ ಹೊರುವ ಮೈ ಎಷ್ಟು ಹಿಗ್ಗುತ್ತದೆಂದು ತೋರಿಸುವ ವಕ್ರರೇಖೆಯೊಂದನ್ನು ಕೊಟ್ಟರು. 1941ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ, ಸೂಜಿಯ ಮೊನೆಯಿಂದ ಮೈಯನ್ನು ತಡವಿ ಏರಿಳಿತವನ್ನು ಬರೆದಿಡುವ ಟ್ಯಾಲಿಸರ್ಫ್ ಯಂತ್ರ ಬಂತು. ಮುಂದೆ ಸಿಲಿಂಡರಿಗೆ ಎರಡು ಬಾರಿ ಸಾಣೆ ಹಿಡಿಯುವ ಪದ್ಧತಿ ಬೆಳೆಯಿತು: ಮೊದಲ ಸಾಣೆ ಒಂದನ್ನೊಂದು ಕತ್ತರಿಸುವ ಗೆರೆಗಳನ್ನು ಮೂಡಿಸುತ್ತದೆ; ಎರಡನೆಯದು ಶಿಖರಗಳನ್ನಷ್ಟೇ ತರಿದು, ಎಣ್ಣೆ ನಿಲ್ಲಲು ಕಣಿವೆಗಳನ್ನು ಉಳಿಸುತ್ತದೆ. ನೂರಾರು ಮೈಲಿ ಎಚ್ಚರದಿಂದ ಓಡಿಸಿದವನು ಪಡೆಯುತ್ತಿದ್ದ ಮೈಯನ್ನೇ ಕಾರ್ಖಾನೆ ಬಹುಮಟ್ಟಿಗೆ ಮೊದಲೇ ಸಿದ್ಧಪಡಿಸಿ ಕೊಡತೊಡಗಿತು. ಹೀಗೆ ಹೊಣೆ ಎಲ್ಲಿಂದ ಬಂದಿತ್ತೋ ಅಲ್ಲಿಗೆ ಮರಳಿತು. ಇದು ನ್ಯಾಯವೆಂದೇ ನನ್ನ ಅಭಿಪ್ರಾಯ.

ಹಾಗಿದ್ದರೂ ಇಂದಿನ ಅನೇಕ ಕೈಪಿಡಿಗಳು ಮೊದಲ ಸಾವಿರ ಕಿಲೋಮೀಟರಿನ ಆಸುಪಾಸು ಸಂಯಮದಿಂದಿರಿ ಎನ್ನುತ್ತವೆ. ಸಿಲಿಂಡರೇ ಇಲ್ಲದ ವಿದ್ಯುತ್ ಕಾರಿನಲ್ಲಿಯೂ ಹೊಸ ಟೈರು, ಹೊಸ ಬ್ರೇಕುಗಳು ತಮ್ಮ ಹಿಡಿತವನ್ನು ಪೂರ್ತಿಯಾಗಿ ಪಡೆಯಲು ಸ್ವಲ್ಪ ದೂರ ಸವೆಯಬೇಕು. ಕನ್ನಡದಲ್ಲಿ ‘ಪಳಗಿದ ಕೈ’ ಎಂದರೆ ನುರಿತ ಕೈ. ಹಿಂದೆ ಆ 500 ಮೈಲಿಯಲ್ಲಿ ಯಂತ್ರದ ಸದ್ದಿಗೆ ಕಿವಿಗೊಟ್ಟು, ಅದರ ಕಾವನ್ನು ಗಮನಿಸುತ್ತ ಹೋದವನ ಕೈಯೂ ಯಂತ್ರದೊಡನೆ ಪಳಗುತ್ತಿತ್ತು. ಎಂಜಿನ್ನಿನ ಪಾಲಿನ ಕೆಲಸವನ್ನು ಕಾರ್ಖಾನೆ ವಹಿಸಿಕೊಂಡಿದೆ. ಕೈಯ ಪಾಲಿನದು ಇನ್ನೂ ನಮ್ಮಲ್ಲಿಯೇ ಉಳಿದಿದೆ.