ಒಂದು ಆಶ್ಚರ್ಯಸೂಚಕದ ಜಗಳ: ಎಬಿಸಿ ಸಂಗೀತಲಿಪಿಯ ಕತೆ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮಗೆ ಒಂದು ಟ್ಯೂನ್ ಗೊತ್ತು. ಅದನ್ನ ಫ್ರೆಂಡ್‌ಗೆ ಮೆಸೇಜ್‌ನಲ್ಲಿ ಕಳಿಸಬೇಕು. ವಾಯ್ಸ್ ನೋಟ್ ಅಲ್ಲ, ಫೋಟೋ ಅಲ್ಲ, ಬರೀ ಅಕ್ಷರ. ಹೇಗೆ ಕಳಿಸ್ತೀರಿ?

ಚಿಕ್ಕವರಿದ್ದಾಗ ಸಂಗೀತ ಪಾಠಕ್ಕೆ ಹೋದವರಿಗೆ ಇದು ಪ್ರಶ್ನೆಯೇ ಅಲ್ಲ. ಸ, ರಿ, ಗ, ಮ ಅಂತ ಬರೆದರಾಯ್ತು. ಒಂದು ಅಕ್ಷರಕಾಲ ಎಳೆಯೋಕೆ ಅಲ್ಪವಿರಾಮ, ಎರಡಕ್ಕೆ ಅರ್ಧವಿರಾಮ, ತಾಳದ ಅಂಗ ಮುಗಿದಲ್ಲಿ ಒಂದು ಗೆರೆ, ಆವರ್ತ ಮುಗಿದಲ್ಲಿ ಎರಡು ಗೆರೆ. ಅಂಗಡಿಯಲ್ಲಿ ಸಿಗೋ ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಒಂದು ವರ್ಣ ಪೂರ್ತಿ ಹಿಡಿಸುತ್ತೆ. ನಮ್ಮ ಕಡೆ ಸಂಗೀತ ಅಂದ್ರೆ ಮೊದಲಿನಿಂದಲೂ ಟೈಪ್ ಮಾಡಬಹುದಾದ ಸಂಗತಿ.

ಯುರೋಪಿನವರಿಗೆ ಹಾಗಲ್ಲ. ಅವರದು ಐದು ಗೆರೆಯ ಸ್ಟಾಫ್, ಅದರ ಮೇಲೆ ಕಪ್ಪು ಬಿಳಿ ಬೊಟ್ಟು, ಬಾಲ, ಬಾಲಕ್ಕೆ ಬಾವುಟ. ಅದು ಬರಹಕ್ಕಿಂತ ಜಾಸ್ತಿ ಚಿತ್ರ. ಕಂಪ್ಯೂಟರ್ ಬಂದಾಗ ಇದೇ ತಲೆನೋವಾಯ್ತು, ಯಾಕಂದ್ರೆ ಕೀಬೋರ್ಡ್‌ನಲ್ಲಿ ಬೊಟ್ಟು ಬಾಲ ಎಲ್ಲಿದೆ? ಅಲ್ಲಿ ಇರೋದು ಎ, ಬಿ, ಸಿ.

ಈ ಕತೆಯ ಮೊದಲ ಮನುಷ್ಯ ಕ್ರಿಸ್ ವಾಲ್ಶಾ. ಇಂಗ್ಲೆಂಡಿನವರು, ಕಂಪ್ಯೂಟರ್ ಮತ್ತು ಗಣಿತದ ಸಂಶೋಧಕರು, ಜೊತೆಗೆ ಜಾನಪದ ಸಂಗೀತದ ಹುಚ್ಚು. 1980ರ ದಶಕದಲ್ಲಿ ಅವರಿಗೆ ಸ್ಟಾಫ್ ಓದೋಕೆ ಬರ್ತಾ ಇರಲಿಲ್ಲ. ಎಲ್ಲೋ ಕೇಳಿದ ಟ್ಯೂನಿನ ತುಣುಕು ಮರೆತುಹೋಗಬಾರದು ಅಂತ ಸ್ವರದ ಹೆಸರಿನ ಅಕ್ಷರಗಳನ್ನೇ ಬರೆದಿಟ್ಟುಕೊಳ್ತಿದ್ದರು. ಸ್ಟಾಫ್ ಕಲಿತಿದ್ದು ಆಮೇಲೆ. ಎಬಿಸಿ ಅನ್ನೋ ಇಡೀ ಪದ್ಧತಿಯ ಬೇರು ಇಲ್ಲಿದೆ: ಓದೋಕೆ ಬಾರದವನು ತನಗೋಸ್ಕರ ಮಾಡಿಕೊಂಡ ಗುರುತು.

ಕೆಲವು ವರ್ಷ ಬಿಟ್ಟು ಅವರಿಗೆ ಫ್ರೆಂಚ್ ಬ್ಯಾಗ್‌ಪೈಪ್‌ನ ಟ್ಯೂನ್‌ಗಳನ್ನ ಅಚ್ಚುಕಟ್ಟಾಗಿ ಮುದ್ರಿಸಬೇಕು ಅನ್ನಿಸ್ತು. ಆಗ ಪುಕ್ಕಟೆ ಸಿಗ್ತಿದ್ದಿದ್ದು ಮ್ಯೂಸಿಕ್‌ಟೆಕ್, ಫ್ರಾನ್ಸಿನ ಡೇನಿಯಲ್ ತೋಪಾಂ ಮಾಡಿದ್ದು. ಟೆಕ್ ಅಂದ್ರೆ ಡೊನಾಲ್ಡ್ ಕ್ನೂತ್ ತಮ್ಮದೇ ಪುಸ್ತಕದ ಅಚ್ಚು ಕೆಟ್ಟದಾಗಿ ಬಂತು ಅಂತ ಬೇಜಾರಾಗಿ 1970ರ ದಶಕದ ಕೊನೆಯಲ್ಲಿ ಶುರು ಮಾಡಿದ ಅಕ್ಷರಜೋಡಣೆಯ ಸಾಫ್ಟ್‌ವೇರ್. ಮ್ಯೂಸಿಕ್‌ಟೆಕ್ ಅದರ ಮೇಲೆ ಕೂತ ಸಂಗೀತದ ಪದರ. ಔಟ್‌ಪುಟ್ ಚೆನ್ನಾಗಿ ಬರುತ್ತೆ. ಆದರೆ ಬರೆಯೋದು ಅಂದ್ರೆ ಒಂದೊಂದು ಸ್ವರಕ್ಕೂ ಉದ್ದುದ್ದ ಕಮಾಂಡ್. ಹದಿನಾರು ಬಾರ್‌ನ ಟ್ಯೂನಿಗೆ ಪುಟಗಟ್ಟಲೆ ಟೈಪಿಂಗ್.

ಸಾಕಾಗಿ ವಾಲ್ಶಾ ಒಂದು ಕೆಲಸ ಮಾಡಿದರು. ತಮ್ಮ ಹಳೇ ಅಕ್ಷರದ ಗುರುತು ಕೊಟ್ಟರೆ ಅದನ್ನ ಮ್ಯೂಸಿಕ್‌ಟೆಕ್ ಕಮಾಂಡ್‌ಗಳಾಗಿ ಬದಲಾಯಿಸೋ ಒಂದು ಪ್ರೋಗ್ರಾಂ ಬರೆದರು. 1993ರ ಹೊತ್ತಿಗೆ ಅದಕ್ಕೆ ಒಂದು ರೂಪ ಬಂತು. ಹೆಸರು ಎಬಿಸಿ2ಎಂಟೆಕ್.

ಆ ಗುರುತು ಹೇಗಿತ್ತು ಅಂತ ಸ್ವಲ್ಪ ಹೇಳ್ತೀನಿ, ಮುಂದಿನ ಜಗಳ ಅರ್ಥ ಆಗೋಕೆ ಬೇಕು. ಮೊದಲು ನಾಲ್ಕೈದು ಸಾಲಿನ ತಲೆಬರಹ. ಎಕ್ಸ್ ಅಂದ್ರೆ ಟ್ಯೂನಿನ ನಂಬರ್, ಟಿ ಅಂದ್ರೆ ಟೈಟಲ್, ಎಂ ಅಂದ್ರೆ ತಾಳದಂಥ ಮೀಟರ್, ಎಲ್ ಅಂದ್ರೆ ಒಂದು ಅಕ್ಷರಕ್ಕೆ ಎಷ್ಟು ಕಾಲ, ಕೆ ಅಂದ್ರೆ ಕೀ. ಆಮೇಲೆ ಸ್ವರಗಳು. ಕ್ಯಾಪಿಟಲ್ ಸಿ ಮಧ್ಯದ್ದು, ಸ್ಮಾಲ್ ಸಿ ಅದರ ಮೇಲಿನ ಸ್ಥಾಯಿ. ಇನ್ನೂ ಮೇಲಕ್ಕೆ ಹೋಗೋಕೆ ಒಂದು ಕೊಟೇಶನ್ ಗುರುತು, ಕೆಳಗೆ ಇಳಿಯೋಕೆ ಅಲ್ಪವಿರಾಮ. (ನಮ್ಮಲ್ಲಿ ಅಲ್ಪವಿರಾಮ ಸ್ವರ ಎಳೆಯುತ್ತೆ, ಅವರಲ್ಲಿ ಕೆಳಗಿಳಿಸುತ್ತೆ. ಎರಡನ್ನೂ ಕಲಿಯೋರಿಗೆ ದೇವರೇ ಗತಿ.) ಅಕ್ಷರದ ಪಕ್ಕ 2 ಅಂತ ಹಾಕಿದರೆ ಎರಡು ಪಟ್ಟು ಕಾಲ. ಬಾರ್ ಮುಗಿದರೆ ಒಂದು ನಿಂತ ಗೆರೆ. ನೀವು ಟೆಕ್ಸ್ಟ್‌ನಲ್ಲಿ ಎಂಟರ್ ಒತ್ತಿದ ಕಡೆ ಮುದ್ರಣದಲ್ಲೂ ಸ್ಟಾಫ್‌ನ ಸಾಲು ಮುಗಿಯುತ್ತೆ. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ.

ಐರಿಶ್, ಸ್ಕಾಟಿಷ್, ಇಂಗ್ಲಿಷ್ ಜಾನಪದ ಟ್ಯೂನ್‌ಗಳಿಗೆ ಇಷ್ಟು ಧಾರಾಳ ಸಾಕು. ಸ್ಕಾಟ್‌ಲೆಂಡಿನ ದೊಡ್ಡ ಬ್ಯಾಗ್‌ಪೈಪ್‌ಗೆ ಅಂತಲೇ ಕೀ ಸಾಲಿನಲ್ಲಿ ಎಚ್‌ಪಿ ಅನ್ನೋ ಪ್ರತ್ಯೇಕ ಗುರುತು ಇದೆ, ಅಂದ್ರೆ ಈ ಭಾಷೆ ಯಾರಿಗಾಗಿ ಹುಟ್ಟಿತು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಇಮೇಲ್‌ನಲ್ಲಿ ಪೇಸ್ಟ್ ಮಾಡಬಹುದು. ಸ್ವಲ್ಪ ಅಭ್ಯಾಸ ಆದರೆ ಸಾಫ್ಟ್‌ವೇರೇ ಇಲ್ಲದೆ ನೇರ ಓದಿಕೊಂಡು ನುಡಿಸಬಹುದು.

ಇಲ್ಲಿ ಒಂದು ವಿಚಿತ್ರ ನಡೀತು. 1996ರಲ್ಲಿ ಎಬಿಸಿ2ಎಂಟೆಕ್‌ನ 1.6ನೇ ಆವೃತ್ತಿಗೆ ವಾಲ್ಶಾ ಒಂದು ಯೂಸರ್ ಗೈಡ್ ಬರೆದಿದ್ದರು. ಅದರಲ್ಲಿದ್ದ ವಿವರಣೆಯೇ ‘ಎಬಿಸಿ ಸ್ಟ್ಯಾಂಡರ್ಡ್ 1.6’ ಆಗಿಹೋಯ್ತು. ಯಾವ ಸಮಿತಿಯೂ ಕೂತು ವೋಟ್ ಹಾಕಲಿಲ್ಲ. ನಾನು ಬಿಕಾಂ ಓದಿದವನು. ನಮಗೆ ಅಕೌಂಟಿಂಗ್ ಸ್ಟ್ಯಾಂಡರ್ಡ್ ಅಂದ್ರೆ ಮೇಲಿಂದ ಬರೋದು: ಮೊದಲು ನಿಯಮ, ಆಮೇಲೆ ಲೆಕ್ಕ. ಇಲ್ಲಿ ಮೊದಲು ಲೆಕ್ಕ ಬರೆದು ಮುಗಿದಿತ್ತು, ನಿಯಮ ಅದರ ಹಿಂದೆ ಓಡಿಕೊಂಡು ಬಂತು. ಆ ಓಟ ಇವತ್ತಿಗೂ ನಿಂತಿಲ್ಲ.

ಯಾಕಂದ್ರೆ ಅಷ್ಟರಲ್ಲಿ ಬೇರೆಯವರು ತಮ್ಮ ತಮ್ಮ ಪ್ರೋಗ್ರಾಂ ಬರೆಯೋಕೆ ಶುರು ಮಾಡಿದ್ದರು. ಮೈಕೆಲ್ ಮೆಥ್‌ಫೆಸಲ್ ಅನ್ನೋರ ಎಬಿಸಿ2ಪಿಎಸ್, ಟೆಕ್‌ನ ಗೊಡವೆಯೇ ಬೇಡ ಅಂತ ನೇರವಾಗಿ ಪೋಸ್ಟ್‌ಸ್ಕ್ರಿಪ್ಟ್‌ಗೆ, ಅಂದ್ರೆ ಪ್ರಿಂಟರ್‌ಗೆ ಅರ್ಥವಾಗೋ ಭಾಷೆಗೆ ಬದಲಾಯಿಸಿತು. ಜೇಮ್ಸ್ ಆಲ್‌ರೈಟ್ ಶುರು ಮಾಡಿದ ಎಬಿಸಿಮಿಡಿ ಅದೇ ಫೈಲನ್ನ ಕಿವಿಗೆ ಕೇಳಿಸಿತು. ವಿಂಡೋಸ್‌ನವರಿಗೆ ಎಬಿಸಿ2ವಿನ್ ಬಂತು. ಪ್ರತಿಯೊಬ್ಬರಿಗೂ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲದ ಏನೋ ಒಂದು ಬೇಕಿತ್ತು. ಪುಟದ ಅಂಚು ಎಷ್ಟು? ಅಕ್ಷರದ ಸೈಜ್ ಎಷ್ಟು? ಯಾವ ವಾದ್ಯದ ಧ್ವನಿ?

ಇದಕ್ಕೆ ಸಿಕ್ಕ ಒಂದು ಉಪಾಯ ನನಗೆ ತುಂಬಾ ಇಷ್ಟ. ಎಬಿಸಿಯಲ್ಲಿ % ಗುರುತಿನ ಮುಂದೆ ಬರೆದದ್ದೆಲ್ಲ ಟಿಪ್ಪಣಿ, ಪ್ರೋಗ್ರಾಂ ಅದನ್ನ ನೋಡದೆ ಮುಂದೆ ಹೋಗಬೇಕು. ಹಾಗಾದರೆ ಎರಡು ಸಲ, %% ಅಂತ ಹಾಕಿ ನಮ್ಮ ಆದೇಶ ಬರೆಯೋಣ ಅಂದರು. ಅರ್ಥ ಆಗೋ ಪ್ರೋಗ್ರಾಂ ಅದನ್ನ ಪಾಲಿಸುತ್ತೆ. ಅರ್ಥ ಆಗದ್ದು ‘ಓ, ಟಿಪ್ಪಣಿ’ ಅಂದುಕೊಂಡು ಬಿಟ್ಟುಬಿಡುತ್ತೆ. ಟ್ಯೂನ್‌ಗೆ ಏನೂ ಧಕ್ಕೆ ಇಲ್ಲ. ಮನೆಯಲ್ಲಿ ಅಜ್ಜಿಗೆ ಗೊತ್ತಾಗಬಾರದು ಅಂತ ಮಕ್ಕಳು ಇಂಗ್ಲಿಷಲ್ಲಿ ಮಾತಾಡಿದ ಹಾಗೆ. ಪುಟದ ಅಳತೆಯಿಂದ ಹಿಡಿದು ಮಿಡಿ ವಾದ್ಯದ ತನಕ ಎಲ್ಲವೂ ಈ ಬಾಗಿಲಿನಿಂದಲೇ ಒಳಗೆ ಬಂತು. ಸ್ಟ್ಯಾಂಡರ್ಡ್ ಆಮೇಲೆ ಇದಕ್ಕೆ ‘ಸ್ಟೈಲ್‌ಶೀಟ್ ಡೈರೆಕ್ಟಿವ್’ ಅಂತ ಹೆಸರಿಟ್ಟು ಒಪ್ಪಿಕೊಂಡಿತು.

ಎಲ್ಲ ವಿಸ್ತರಣೆಯೂ ಇಷ್ಟು ಸುಖವಾಗಿ ನಡೆಯಲಿಲ್ಲ. ಈಗ ಜಗಳಕ್ಕೆ ಬರೋಣ.

ಎಂಟರ್ ಒತ್ತಿದ ಕಡೆ ಸ್ಟಾಫ್ ಸಾಲು ಮುಗಿಯುತ್ತೆ ಅಂದೆ ಅಲ್ವಾ. ಎಬಿಸಿ2ವಿನ್ ಅದರ ಬದಲು ! ಗುರುತು ಇಟ್ಟುಕೊಂಡಿತು. ಆಶ್ಚರ್ಯಸೂಚಕ ಬಂತು ಅಂದ್ರೆ ಸಾಲು ಮುರಿ. ವಿಂಡೋಸ್ ಬಳಸೋ ಜನ ಜಾಸ್ತಿ, ಹಾಗಾಗಿ ಸಾಲಿನ ಕೊನೆಗೆ ! ಇರೋ ಫೈಲುಗಳು ಎಲ್ಲ ಕಡೆ ಹರಡಿದವು.

ಇತ್ತ ಮುದ್ರಣದ ಕಡೆಯವರಿಗೆ ಅಲಂಕಾರಗಳು ಬೇಕಿದ್ದವು. ಟ್ರಿಲ್ ಅಂದ್ರೆ ಸ್ವರವನ್ನ ನಡುಗಿಸೋದು, ಫರ್ಮಾಟಾ ಅಂದ್ರೆ ನಿಲ್ಲಿಸೋದು, ಜೋರು, ಮೆಲ್ಲಗೆ, ಹೀಗೆ ಹತ್ತಾರು. ಇದು ನಮ್ಮವರಿಗೂ ಬಂದ ಕಷ್ಟವೇ. 1904ರಲ್ಲಿ ಸುಬ್ಬರಾಮ ದೀಕ್ಷಿತರು ತೆಲುಗು ಲಿಪಿಯಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಚ್ಚು ಹಾಕಿಸಿದಾಗ ಬರೀ ಸ ರಿ ಗ ಮ ಸಾಲದೆ ಗಮಕಗಳಿಗೆ ಬೇರೆ ಬೇರೆ ಚಿಹ್ನೆಗಳನ್ನೇ ಬಳಸಬೇಕಾಯ್ತು. ಎಬಿಸಿಯಲ್ಲಿ ಒಂದೊಂದು ಅಲಂಕಾರಕ್ಕೆ ಒಂದೊಂದು ಚಿಹ್ನೆ ಕೊಡೋಕೆ ಕೀಬೋರ್ಡ್‌ನಲ್ಲಿ ಕೀಗಳೇ ಉಳಿದಿರಲಿಲ್ಲ. ಅದಕ್ಕೆ ಹೆಸರನ್ನೇ ಬರೆದು ಎರಡೂ ಕಡೆ ಒಂದು ಗುರುತು ಹಾಕೋಣ ಅಂತಾಯ್ತು. ಯಾವ ಗುರುತು? ಅದೇ !. ಅಂದ್ರೆ !ಟ್ರಿಲ್! ಅಂತ.

ಒಂದೇ ಗುರುತು, ಎರಡು ಅರ್ಥ. 2000ದ ಆಗಸ್ಟ್‌ನಲ್ಲಿ ತಯಾರಾದ 1.7.6 ಕರಡಿನಲ್ಲಿ ಇದು ಸೇರಿತ್ತು, ಆದರೆ ಆ ಕರಡು ಅಧಿಕೃತವಾಗಿ ಹೊರಗೆ ಬರಲೇ ಇಲ್ಲ. ವಾಲ್ಶಾ ಕೂಡ ಆಮೇಲೆ ಕೆಲವು ವರ್ಷ ಈ ಕೆಲಸದಿಂದ ದೂರ ಸರಿದರು. ಕರಡು ಡ್ರಾಯರ್‌ನಲ್ಲಿ ಉಳೀತು. ಆದರೆ ಕೋಡ್ ಉಳಿಯಲಿಲ್ಲ, ಓಡಾಡಿತು. ಜಾನ್-ಫ್ರಾಂಸ್ವಾ ಮೊಯ್ನ್ ಅನ್ನೋ ಫ್ರೆಂಚ್ ಪ್ರೋಗ್ರಾಮರ್ ಎಬಿಸಿ2ಪಿಎಸ್ ತಗೊಂಡು, ಹಲವು ದನಿಗಳಿಗೆ ಸಪೋರ್ಟ್ ಬೆಳೆಸಿ, ಎಬಿಸಿಎಂ2ಪಿಎಸ್ ಮಾಡಿದರು. ಅದು !ಟ್ರಿಲ್! ಅನ್ನು ಒಪ್ಪಿಕೊಳ್ತಿತ್ತು. ಅಚ್ಚು ಚೆನ್ನಾಗಿ ಬರ್ತಿತ್ತು. ಜನ ಅದನ್ನೇ ಬಳಸಿದರು, ಹಾಗಾಗಿ !ಟ್ರಿಲ್! ಅಂತಲೇ ಬರೆದರು.

ಆಮೇಲೆ ಗೀದೊ ಗೊಂಜಾತೊ 2.0 ಕರಡು ಸಿದ್ಧ ಮಾಡಿದರು, ಇರ್ವಿನ್ ಒಪ್ಪೆನ್‌ಹೈಮ್ ಅದನ್ನ ನೋಡಿಕೊಂಡರು. ಅದರಲ್ಲಿ ತೀರ್ಪು ಉಲ್ಟಾ ಆಯ್ತು. ! ಅನ್ನೋದು ಆಗಲೇ ಲೆಕ್ಕವಿಲ್ಲದಷ್ಟು ಫೈಲ್‌ಗಳಲ್ಲಿ ಸಾಲು ಮುರಿಯೋ ಗುರುತಾಗಿದೆ, ಅದನ್ನ ಕೆಡಿಸೋದು ಬೇಡ, ಅಲಂಕಾರಕ್ಕೆ + ಬಳಸಿ ಅಂದರು. ಕಾಗದದ ಮೇಲೆ ನ್ಯಾಯವಾದ ತೀರ್ಮಾನ. ಜನ ಕೇಳಿದರಾ? ಹೆಚ್ಚಿನವರು ಕೇಳಲಿಲ್ಲ. 2011ರ ಡಿಸೆಂಬರ್ ಕೊನೆಗೆ 2.1 ಬಂತು, ಅಷ್ಟರಲ್ಲಿ ವಾಲ್ಶಾ ವಾಪಸ್ ಬಂದಿದ್ದರು. ತೀರ್ಪು ಮತ್ತೆ ಉಲ್ಟಾ: ಅಲಂಕಾರಕ್ಕೆ ! ಸರಿ, + ಹಳೆಯದಾಯ್ತು, ಸಾಲು ಮುರಿಯೋಕೆ $ ಬಳಸಿ.

ಇಲ್ಲಿ ನನ್ನ ಮಾತು ಒಂದಿದೆ. ಸಾಫ್ಟ್‌ವೇರ್ ಗೆದ್ದಿತು, ದಾಖಲೆ ಸೋತಿತು ಅಂತ ಖುಷಿಪಡೋದು ಸುಲಭ. ಆದರೆ 2.0 ನೋಡಿ, ‘ಸರಿ, ನಿಯಮ ಹೀಗಿದೆ’ ಅಂತ ಶಿಸ್ತಾಗಿ + ಹಾಕಿ ಬರೆದವರು ಇದ್ದರಲ್ಲ, ಅವರ ಗತಿ? ನಿಯಮ ಪಾಲಿಸಿದವರಿಗೇ ಪೆಟ್ಟು ಬಿತ್ತು. ಪುಣ್ಯಕ್ಕೆ 2.1 ಅವರನ್ನ ಬೀದಿಗೆ ಬಿಡಲಿಲ್ಲ. ಫೈಲಿನ ಮೇಲೆ ಒಂದು ಸಾಲು ಬರೆದು ‘ನನ್ನ ಅಲಂಕಾರದ ಗುರುತು +’ ಅಂತ ಹೇಳಬಹುದು. ಸಾಲು ಮುರಿಯೋ ಗುರುತು ! ಅಂತಲೂ ಹೇಳಬಹುದು.

ಇನ್ನು ಏನೂ ಹೇಳದೆ ಸುಮ್ಮನಿರೋ ಹಳೇ ಫೈಲ್‌ಗಳು? ಅವುಗಳಿಗೆ ಒಂದು ಉಪಾಯ ಕೊಟ್ಟಿದ್ದಾರೆ. ! ಸಿಕ್ಕಿದರೆ ಮುಂದೆ ಹುಡುಕುತ್ತಾ ಹೋಗು. ಬಾರ್ ಗೆರೆ, ಖಾಲಿ ಜಾಗ, ಅಥವಾ ಸಾಲಿನ ಕೊನೆ ಬರೋ ಮೊದಲೇ ಇನ್ನೊಂದು ! ಸಿಕ್ಕರೆ ಅದು ಅಲಂಕಾರ. ಸಿಗದಿದ್ದರೆ ಸಾಲು ಮುರಿ. ಇಷ್ಟೇ. ಹತ್ತು ವರ್ಷದ ಜಗಳ ಎರಡು ಮೂರು ಸಾಲಿನ ಕೋಡ್‌ನಲ್ಲಿ ತಣ್ಣಗಾಯ್ತು.

ಮೊಯ್ನ್ ಅಲ್ಲಿಗೆ ನಿಲ್ಲಿಸಲಿಲ್ಲ. ಎಬಿಸಿಎಂ2ಪಿಎಸ್‌ನಲ್ಲಿ ಸ್ವರವನ್ನ ಅರ್ಧಕ್ಕಿಂತ ಕಡಿಮೆ ಏರಿಳಿಸೋಕೆ ಭಿನ್ನರಾಶಿ ಬರೆಯಬಹುದು. ಇಲ್ಲದ ಚಿಹ್ನೆ ಬೇಕಾದರೆ ಪೋಸ್ಟ್‌ಸ್ಕ್ರಿಪ್ಟ್ ಕೋಡನ್ನೇ ಫೈಲೊಳಗೆ ಬರೆದು ನೀವೇ ಚಿತ್ರಿಸಿಕೊಳ್ಳಬಹುದು. ಆಮೇಲೆ ಅವರು ಬ್ರೌಸರ್‌ನಲ್ಲೇ ಓಡೋ ಎಬಿಸಿ2ಎಸ್‌ವಿಜಿ ಬರೆದರು. ಅದರ ಒಂದು ಭಾಗ ಅದೇ ಎಬಿಸಿ ಫೈಲನ್ನ ಚೀನಾದ ಜಿಯಾನ್‌ಪು ಪದ್ಧತಿಯಲ್ಲಿ, ಅಂದ್ರೆ ಸ್ವರಕ್ಕೆ ಅಂಕಿ ಬರೆಯೋ ಪದ್ಧತಿಯಲ್ಲಿ ತೋರಿಸುತ್ತೆ.

ಫೈಲೊಳಗೆ ಕೋಡ್ ಬರೆಯೋಕೆ ಬಿಟ್ಟರೆ ಅಪಾಯವೂ ಇದೆ. ವಿಕಿಪೀಡಿಯದಲ್ಲಿ ಲಿಲಿಪಾಂಡ್ ಮತ್ತು ಎಬಿಸಿ ಎರಡರಲ್ಲೂ ಸಂಗೀತ ಬರೆದು ತೋರಿಸೋ ಸೌಲಭ್ಯ ಇದೆ, ಹಿಂದೆ ಕೆಲಸ ಮಾಡೋದು ಲಿಲಿಪಾಂಡ್. ಭದ್ರತೆಯ ತೂತು ಸಿಕ್ಕಿತು ಅಂತ 2020ರಲ್ಲಿ ಅದನ್ನ ಬಂದ್ ಮಾಡಿದರು, ಮತ್ತೆ ಶುರುವಾಗಿದ್ದು 2021ರಲ್ಲಿ.

ಇವತ್ತು ಎಬಿಸಿಯನ್ನ ಅತಿ ಹೆಚ್ಚು ಓದ್ತಿರೋದು ಮನುಷ್ಯರೋ ಯಂತ್ರಗಳೋ ಹೇಳೋದು ಕಷ್ಟ. ‘ದ ಸೆಶನ್’ ಅನ್ನೋ ಐರಿಶ್ ಸಂಗೀತದ ತಾಣದಲ್ಲಿ ಜನ ವರ್ಷಗಟ್ಟಲೆ ಟೈಪ್ ಮಾಡಿ ಸೇರಿಸಿದ ಟ್ಯೂನ್‌ಗಳಿವೆ, ಎಲ್ಲ ಎಬಿಸಿಯಲ್ಲಿ. ಬಾಬ್ ಸ್ಟರ್ಮ್ ಮತ್ತು ಜೊತೆಗಾರರು ಅಲ್ಲಿಂದ 23 ಸಾವಿರಕ್ಕೂ ಹೆಚ್ಚು ಪ್ರತಿಗಳನ್ನ ತಗೊಂಡು ‘ಫೋಕ್-ಆರ್‌ಎನ್‌ಎನ್’ ಅನ್ನೋ ಮಾದರಿಗೆ ಕಲಿಸಿದರು. ಅದು ಅಕ್ಷರದ ಮುಂದೆ ಅಕ್ಷರ ಊಹಿಸುತ್ತಾ ಹೊಸ ಟ್ಯೂನ್ ಬರೆಯುತ್ತೆ. ಸಂಗೀತ ಬರೀ ಅಕ್ಷರವಾಗಿದ್ದರಿಂದಲೇ ಇದು ಇಷ್ಟು ಸಲೀಸಾಯ್ತು. ಟೈಪ್ ಮಾಡಿದ ಜನರಿಗೆ ಒಂದು ದಿನ ಯಂತ್ರ ಇದನ್ನ ಓದುತ್ತೆ ಅನ್ನೋ ಯೋಚನೆಯೂ ಇದ್ದಿರಲಿಕ್ಕಿಲ್ಲ.

ನೀವು ಫೋನಿನಲ್ಲೇ ಪ್ರಯತ್ನ ಮಾಡೋದಾದರೆ ಮೊದಲ ಸಾಲಿನಲ್ಲಿ % ಹಾಕಿ, ಅದಕ್ಕೆ ಅಂಟಿಕೊಂಡ ಹಾಗೆ ಎಬಿಸಿ, ಒಂದು ಅಡ್ಡಗೆರೆ, 2.1 ಅಂತ ಇಂಗ್ಲಿಷ್ ಸ್ಮಾಲ್ ಅಕ್ಷರದಲ್ಲಿ ಬರೆಯಿರಿ. ಆ ಸಾಲು ಇದ್ದರೆ ಸಾಫ್ಟ್‌ವೇರ್ ನಿಮ್ಮ ಫೈಲನ್ನ ನಿಯಮದ ಪ್ರಕಾರ ಬಿಗಿಯಾಗಿ ಓದಬೇಕು. ಅದು ಇಲ್ಲದಿದ್ದರೆ, ಅಥವಾ ಆವೃತ್ತಿ 2.0 ಇಲ್ಲವೇ ಅದಕ್ಕಿಂತ ಹಳೆಯದಾಗಿದ್ದರೆ, ಸಡಿಲವಾಗಿ ಓದಬೇಕು ಅಂತ ಸ್ಟ್ಯಾಂಡರ್ಡೇ ಹೇಳುತ್ತೆ. 1990ರ ದಶಕದಲ್ಲಿ ಯಾರೋ ಬರೆದು ಬಿಟ್ಟ, ಸಾಲಿನ ಕೊನೆಗೆ ಒಂಟಿ ! ಇರೋ ಟ್ಯೂನ್ ಇವತ್ತು ನಿಮ್ಮ ಬ್ರೌಸರ್‌ನಲ್ಲಿ ಸರಿಯಾದ ಕಡೆಯೇ ಮುರಿದು ಮುಂದಿನ ಸಾಲಿಗೆ ಹೋಗೋದು ಹೀಗೆ.