ಶಿಫಾರಸು ಪತ್ರ: ಕೇಳುವ ಮುನ್ನ ಗಳಿಸಬೇಕು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ವ್ಯಾಸಂಗ ಮಾಡಬಯಸುವವರು ಅಂಕಪಟ್ಟಿಯ ಜತೆಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ಶಿಫಾರಸು ಪತ್ರಗಳನ್ನು ಒದಗಿಸಬೇಕಾಗುತ್ತದೆ. ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರು ಎಡವುವುದು ಇಲ್ಲಿಯೇ. ತಮ್ಮನ್ನು ಹೆಸರು ಹಿಡಿದು ಕರೆಯಬಲ್ಲ ಅಧ್ಯಾಪಕರು ಮೂವರೂ ಇಲ್ಲವೆಂಬುದು ಏಳನೇ ಸೆಮಿಸ್ಟರ್‌ನಲ್ಲಿ ಅರ್ಜಿ ತುಂಬಲು ಕುಳಿತಾಗಷ್ಟೇ ಅರಿವಿಗೆ ಬರುತ್ತದೆ.

ಇದಕ್ಕೆ ನಮ್ಮ ವ್ಯವಸ್ಥೆಯೂ ಕಾರಣ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಸೆಮಿಸ್ಟರ್ ಅಂತ್ಯದ ಉತ್ತರ ಪತ್ರಿಕೆಗಳ ಮೌಲ್ಯಮಾಪನವನ್ನು ವಿಶ್ವವಿದ್ಯಾಲಯವೇ ನಡೆಸುತ್ತದೆ. ಪಾಠ ಹೇಳಿದವರಿಗೆ ವಿದ್ಯಾರ್ಥಿಯ ಪರಿಚಯವಾಗುವುದು ಕಿರುಪರೀಕ್ಷೆ, ಪ್ರಯೋಗಾಲಯ, ಸೆಮಿನಾರ್ ಹಾಗೂ ಪ್ರಾಜೆಕ್ಟ್‌ಗಳಲ್ಲಿ ಮಾತ್ರ.

ನಮ್ಮಲ್ಲಿ ಶಿಫಾರಸು ಎಂದರೆ ವಶೀಲಿ ಎಂಬ ಅರ್ಥವೂ ರೂಢಿಯಲ್ಲಿದೆ. ಪ್ರಾಂಶುಪಾಲರ ಮೊಹರು ಬಿದ್ದರೆ ಪತ್ರಕ್ಕೆ ತೂಕ ಬರುತ್ತದೆಂಬ ನಂಬಿಕೆ ಹುಟ್ಟಿರುವುದು ಬಹುಶಃ ಇದರಿಂದಲೇ. ಆದರೆ ಪ್ರವೇಶ ಸಮಿತಿಯ ನಮೂನೆಗಳು ಕೇಳುವ ಪ್ರಶ್ನೆಗಳೇ ಬೇರೆ: ಈ ವಿದ್ಯಾರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ? ಯಾವ ನೆಲೆಯಲ್ಲಿ? ಸಹಪಾಠಿಗಳ ಪೈಕಿ ಮೇಲಿನ ಶೇ 5ರಲ್ಲಿ ಬರುತ್ತಾರೆಯೇ, ಶೇ 10ರಲ್ಲಿಯೇ? ಪ್ರಾಜೆಕ್ಟ್‌ನಲ್ಲಿ ಸರ್ಕ್ಯೂಟ್ ಕೈಕೊಟ್ಟಾಗ ವಿದ್ಯಾರ್ಥಿ ಏನು ಮಾಡಿದ ಎಂಬುದನ್ನು ಕಂಡ ಕಿರಿಯ ಉಪನ್ಯಾಸಕರು ಇವಕ್ಕೆ ಉತ್ತರಿಸಬಲ್ಲರು. ವಾರ್ಷಿಕೋತ್ಸವದಲ್ಲಿ ಮಾತ್ರ ನೋಡಿದ ಪ್ರಾಂಶುಪಾಲರು ಉತ್ತರಿಸಲಾರರು.

ಅಂಕಪಟ್ಟಿ ಹೇಳದ್ದನ್ನು ಪತ್ರ ಹೇಳಬಲ್ಲದು. ಎಫ್.ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗದ ಶ್ರೀನಿವಾಸ ರಾಮಾನುಜನ್ 1912ರಲ್ಲಿ ಮದ್ರಾಸ್ ಬಂದರು ಟ್ರಸ್ಟ್‌ನ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದಾಗ, ಅವರ ಗಣಿತ ಸಾಮರ್ಥ್ಯ ಅಸಾಧಾರಣವಾದುದೆಂದು ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟ್ ಪತ್ರ ಕೊಟ್ಟಿದ್ದರು.

ಅಂತಹ ಪತ್ರಕ್ಕೆ ಸಿದ್ಧತೆ ಎರಡನೇ ವರ್ಷದಲ್ಲೇ ಆರಂಭವಾಗಬೇಕು. ಪಾಠ ಮುಗಿದ ನಂತರ ಸಂದೇಹ ಕೇಳುವುದು, ಕಿರು ಪ್ರಾಜೆಕ್ಟನ್ನು ಆಸಕ್ತಿಯ ವಿಷಯದವರ ಬಳಿಯೇ ಮಾಡುವುದು, ಮಾರುಕಟ್ಟೆಯಲ್ಲಿ ಸಿದ್ಧ ಪ್ರಾಜೆಕ್ಟ್ ಕೊಳ್ಳದಿರುವುದು ಇದರ ಭಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಡನೆ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಂತಹ ಯೋಜನೆಗಳಲ್ಲಿ ಎರಡು ತಿಂಗಳು ದುಡಿದವರಿಗೆ, ತಮ್ಮ ಕೆಲಸ ಕಂಡ ವಿಜ್ಞಾನಿಯಿಂದ ಪತ್ರ ಕೇಳುವ ಅವಕಾಶವೂ ದೊರೆಯುತ್ತದೆ. ಆ ಫೆಲೋಶಿಪ್‌ಗೂ ಮೊದಲು ಅಧ್ಯಾಪಕರ ಶಿಫಾರಸು ಬೇಕು ಎನ್ನುವುದು ಬೇರೆ ಮಾತು.

‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವ ಅಧ್ಯಾಪಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರ ಕೆಲಸದ ಹೊರೆ ನಿಜ. ಆದರೆ ನಷ್ಟ ವಿದ್ಯಾರ್ಥಿಯದು. ಮೂರು ಪತ್ರಗಳಲ್ಲೂ ಒಂದೇ ಧಾಟಿ, ಅವೇ ವಿಶೇಷಣಗಳಿದ್ದರೆ ಓದುವವರಿಗೆ ತಿಳಿಯದೇ ಇರದು. ಹೀಗೆ ಹೇಳಿದಾಗ ಪತ್ರದ ಬದಲು, ಅವರ ಬಳಿ ಮಾಡಿದ ಕೆಲಸದ ವಿವರಗಳನ್ನು ಒಂದು ಪುಟದಲ್ಲಿ ಬರೆದು ಕೊಡುವುದು ಲೇಸು. ಅಧ್ಯಾಪಕರ ಹೆಸರಿನಲ್ಲಿ ತಾವೇ ಇ-ಮೇಲ್ ತೆರೆದು ಪತ್ರ ಕಳುಹಿಸುವುದಂತೂ ವಂಚನೆ. ಪತ್ತೆಯಾದರೆ ದೊರೆತ ಪ್ರವೇಶವೂ ರದ್ದಾಗಬಹುದು.

ಬಹಳಷ್ಟು ಅರ್ಜಿಗಳ ಗಡುವು ಡಿಸೆಂಬರ್, ಜನವರಿಯಲ್ಲಿ ಇರುವುದರಿಂದ ಅಕ್ಟೋಬರ್‌ನಲ್ಲೇ ಖುದ್ದಾಗಿ ಭೇಟಿಯಾಗಿ ಕೇಳಬೇಕು. ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ವಿಶ್ವವಿದ್ಯಾಲಯಗಳ ಹೆಸರು ಮತ್ತು ಗಡುವಿನ ಪಟ್ಟಿ ಜತೆಗಿರಲಿ. ಅಧ್ಯಾಪಕರು ಹಿಂದೇಟು ಹಾಕಿದರೆ ಒತ್ತಾಯಿಸದೆ ಬೇರೊಬ್ಬರನ್ನು ಕೇಳುವುದು ಒಳಿತು. ಒಲ್ಲದ ಮನಸ್ಸಿನ ಪತ್ರ ಹಾನಿಯನ್ನೇ ಮಾಡೀತು. ಅಮೆರಿಕದ 1974ರ ಕಾಯ್ದೆಯೊಂದರಂತೆ, ಪ್ರವೇಶ ಪಡೆದ ವಿದ್ಯಾರ್ಥಿಗೆ ತನ್ನ ಕಡತದಲ್ಲಿರುವ ಪತ್ರ ನೋಡುವ ಹಕ್ಕುಂಟು. ಅರ್ಜಿಯಲ್ಲಿ ಈ ಹಕ್ಕನ್ನು ಬಿಟ್ಟುಕೊಡುವುದೇ ವಾಡಿಕೆ. ಬರೆಯುವವರು ಮುಕ್ತವಾಗಿ ಬರೆದಿದ್ದಾರೆಂಬ ವಿಶ್ವಾಸ ಅದರಿಂದ ಮೂಡುತ್ತದೆ.

ಎರಡು-ಮೂರು ವರ್ಷ ಉದ್ಯೋಗ ಮಾಡಿ ಅರ್ಜಿ ಹಾಕುವವರು ಒಂದು ಪತ್ರವನ್ನು ಕಚೇರಿಯ ಮೇಲಧಿಕಾರಿಯಿಂದ ಪಡೆಯಬಹುದು. ಉಳಿದವಕ್ಕೆ ಕಾಲೇಜಿಗೇ ಹೋಗಬೇಕು. ಅಷ್ಟರಲ್ಲಿ ಅಧ್ಯಾಪಕರು ಬೇರೆ ಕಾಲೇಜು ಸೇರಿದ್ದರೆ ಹಳೆಯ ಇ-ಮೇಲ್ ನಿಷ್ಕ್ರಿಯವಾಗಿರುತ್ತದೆ. ಹಲವು ವಿಶ್ವವಿದ್ಯಾಲಯಗಳು ಸಂಸ್ಥೆಯ ಅಧಿಕೃತ ಇ-ಮೇಲ್ ವಿಳಾಸವನ್ನೇ ಬಯಸುವುದರಿಂದ, ಅರ್ಜಿಯಲ್ಲಿ ತುಂಬುವ ಮೊದಲು ಒಮ್ಮೆ ದೂರವಾಣಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.